ಜಾಲತಾಣಕ್ಕೆ ಜನ ಬರುತ್ತಾರೆ, ಉಪ್ಪಿನಕಾಯಿ ಕೊಳ್ಳುವವರಿಲ್ಲ: ಏನು ಸರಿಪಡಿಸಬೇಕು?

ಮಿಡಿಭರಣಿ
ಎಲ್ಲರಿಗೂ ನಮಸ್ಕಾರ. ಸಾಗರದ ಕಡೆಯವರು ನಾವು. ನಮ್ಮ ಅತ್ತೆಯವರು ಹಾಕುವ ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿಗೆ ನೆಂಟರಿಷ್ಟರಲ್ಲಿ ಮೊದಲಿನಿಂದಲೂ ಬೇಡಿಕೆ. ಅದನ್ನೇ ಸಣ್ಣ ಉದ್ಯಮ ಮಾಡಿಕೊಂಡಿದ್ದೇವೆ. ಮಿಡಿ, ನಿಂಬೆ, ಕಳಲೆ ಉಪ್ಪಿನಕಾಯಿ, ಹಲಸಿನ ಹಪ್ಪಳ, ಒಂದೆರಡು ಬಗೆಯ ಚಟ್ನಿಪುಡಿ. ಕಳೆದ ವರ್ಷ ಒಬ್ಬರ ಕೈಯಲ್ಲಿ ಜಾಲತಾಣ ಮಾಡಿಸಿದೆವು. ನೋಡಲು ಚೆನ್ನಾಗಿಯೇ ಇದೆ. ಮುಖಪುಟದಲ್ಲಿ ಜೋಗ, ಅಡಿಕೆ ತೋಟ, ಭರಣಿಗಳ ಚಿತ್ರಗಳು ಒಂದಾದ ಮೇಲೊಂದು ಸರಿಯುತ್ತವೆ, ‘ನಮ್ಮ ಕಥೆ’ ಎಂಬ ಪುಟವಿದೆ, ಉಪ್ಪಿನಕಾಯಿ ಹಾಕುವ ಕ್ರಮವನ್ನೂ ಅತ್ತೆಯವರಿಂದ ಕೇಳಿ ಬರೆದು ಹಾಕಿದ್ದೇನೆ.

ತೊಂದರೆ ಏನೆಂದರೆ, ಲೆಕ್ಕ ನೋಡಿದರೆ ಪ್ರತಿ ತಿಂಗಳೂ ನೂರಾರು ಜನ ಬಂದು ಹೋಗುತ್ತಾರೆ. ತಾಣದ ಮೂಲಕ ಆರ್ಡರ್ ಬರುವುದು ಮಾತ್ರ ಇಲ್ಲವೇ ಇಲ್ಲ ಎನ್ನಬಹುದು. ಬರುವುದೆಲ್ಲ ವಾಟ್ಸ್‌ಆಪ್‌ನಲ್ಲಿ, ಅದೂ ಪರಿಚಯದವರಿಂದ. ತಾಣ ಮಾಡಿಕೊಟ್ಟವರನ್ನು ಕೇಳಿದರೆ ಜಾಹೀರಾತಿಗೆ ಹಣ ಹಾಕಿ, ಇನ್ನೂ ಹೆಚ್ಚು ಜನ ಬರುತ್ತಾರೆ ಎನ್ನುತ್ತಾರೆ. ಬಂದವರೇ ಕೊಳ್ಳದಿರುವಾಗ ಇನ್ನಷ್ಟು ಜನರನ್ನು ಕರೆತಂದು ಏನು ಮಾಡಲಿ? ತಿಳಿದವರು ಹೇಳಿ.

ಕೊಡಚಾದ್ರಿ_ಕೋಡ್
ನೀವು ಕೊನೆಗೆ ಕೇಳಿದ ಮಾತೇ ಸರಿ. ಜಾಹೀರಾತಿನ ವಿಚಾರ ಸದ್ಯ ಬದಿಗಿಡಿ. ತಾಣದ ವಿಳಾಸ ಕಳಿಸಿ, ನೋಡಿ ಹೇಳುತ್ತೇನೆ.

ಮಿಡಿಭರಣಿ
ಇಲ್ಲಿ ಕೊಂಡಿ ಹಾಕಿದರೆ ನಿರ್ವಾಹಕರು ಪ್ರಚಾರವೆಂದು ತೆಗೆದುಹಾಕುತ್ತಾರೆ. ಖಾಸಗಿ ಸಂದೇಶದಲ್ಲಿ ಕಳಿಸಿದ್ದೇನೆ. ನೋಡುವ ಆಸಕ್ತಿಯುಳ್ಳ ಉಳಿದವರೂ ಕೇಳಿ, ಕಳಿಸುತ್ತೇನೆ.

ಪೇಟೆಬೀದಿ
ಉಪ್ಪಿನಕಾಯಿ ಮಾರುವುದಕ್ಕೆ ಜಾಲತಾಣ ಏಕೆ? ವಾಟ್ಸ್‌ಆಪ್ ಬಿಸಿನೆಸ್‌ನಲ್ಲಿ ಕ್ಯಾಟಲಾಗ್ ಇದೆ, ಒಂದು ಪೈಸೆ ಖರ್ಚಿಲ್ಲ. ನಮ್ಮದು ಪಾತ್ರೆ ಅಂಗಡಿ. ಗೂಗಲ್ ಮ್ಯಾಪಿನಲ್ಲಿ ಅಂಗಡಿಯ ಜಾಗ, ಸಮಯ, ಫೋನ್ ಸಂಖ್ಯೆ ಸರಿಯಾಗಿವೆ, ಅಷ್ಟೇ. ಗಿರಾಕಿ ಬರುತ್ತಾನೆ. ಜಾಲತಾಣ ಮಾಡಿಸಿದವರಿಗಿಂತ ಮಾಡಿಕೊಟ್ಟವರೇ ಉದ್ಧಾರವಾದದ್ದನ್ನು ನಾನು ನೋಡಿದ್ದೇನೆ.

ಇಳಕಲ್_ಸೆರಗು
@ಪೇಟೆಬೀದಿ, ನಿಮ್ಮ ಗಿರಾಕಿ ನಡೆದುಕೊಂಡು ಬರುತ್ತಾನೆ. ಅವರ ಗಿರಾಕಿ ಬೆಂಗಳೂರಿನ ಯಾವುದೋ ಬಡಾವಣೆಯಲ್ಲೋ ಪುಣೆಯಲ್ಲೋ ಇದ್ದಾನೆ. ನಾನು ಸೀರೆ ಮಾರುತ್ತೇನೆ. ಇನ್‌ಸ್ಟಾಗ್ರಾಂನಲ್ಲಿ ಚಿತ್ರ ಹಾಕಿದ ದಿನ ಹತ್ತಾರು ಜನ ವಿಚಾರಿಸುತ್ತಾರೆ, ವಾರ ಕಳೆದರೆ ಆ ಸೀರೆ ಎಲ್ಲಿ ಹೋಯಿತೋ ನನಗೇ ಸಿಗುವುದಿಲ್ಲ. ಮದುವೆಗೆ ಆರು ತಿಂಗಳ ಮೊದಲು ನೋಡಿದವರು ಮತ್ತೆ ಹುಡುಕಿಕೊಂಡು ಬರುವುದು ತಾಣಕ್ಕೇ. ಎರಡೂ ಬೇಕು.

ಕೊಡಚಾದ್ರಿ_ಕೋಡ್
ನೋಡಿದೆ. ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಫೋನಿನಲ್ಲಿ ತೆರೆದೆ. ಬಹಳ ಹೊತ್ತು ಬಿಳಿಯ ಪರದೆ. ಆಮೇಲೆ ಅರ್ಧ ಜೋಗ. ಇನ್ನರ್ಧ ಬರುವಷ್ಟರಲ್ಲಿ ‘ಸುದ್ದಿಪತ್ರಕ್ಕಾಗಿ ಇಮೇಲ್ ಕೊಡಿ’ ಎಂಬ ಪೆಟ್ಟಿಗೆ ಎದ್ದು ನಿಂತಿತು. ಅದನ್ನು ಮುಚ್ಚುವ ಗುರುತು ಮೂಲೆಯಲ್ಲಿ ಎಳ್ಳುಕಾಳಿನಷ್ಟಿದೆ. ಕಷ್ಟಪಟ್ಟು ಮುಚ್ಚಿ ಕೆಳಗಿಳಿದರೆ ‘ಸುಸ್ವಾಗತ’, ‘ಮಲೆನಾಡಿನ ಮಡಿಲಿನಿಂದ’, ‘ಗುಣಮಟ್ಟವೇ ನಮ್ಮ ಉಸಿರು’. ಬೆಲೆ ಎಲ್ಲಿಯೂ ಇಲ್ಲ. ‘ಉತ್ಪನ್ನಗಳು’ ಪುಟದಲ್ಲಿ ಬಾಟಲಿಗಳ ಚಿತ್ರವಿದೆ, ತೂಕವಿಲ್ಲ. ಬೆಲೆ ನೋಡಬೇಕಾದರೆ ಲಾಗಿನ್ ಆಗಬೇಕು, ಲಾಗಿನ್ ಆಗಬೇಕಾದರೆ ಫೋನಿಗೆ ಓಟಿಪಿ ಬರಬೇಕು. ನನಗೆ ಓಟಿಪಿ ಬರಲೇ ಇಲ್ಲ. ಕೇಳೋಣವೆಂದು ಸಂಪರ್ಕ ಪುಟಕ್ಕೆ ಹೋದರೆ ಫೋನ್ ಸಂಖ್ಯೆ ಚಿತ್ರದೊಳಗೆ ಸೇರಿಕೊಂಡಿದೆ. ಒತ್ತಿದರೆ ಕರೆ ಹೋಗುವುದಿಲ್ಲ, ನಕಲು ಮಾಡಲೂ ಬರುವುದಿಲ್ಲ. ಕಾಗದ ಪೆನ್ನು ಹುಡುಕಬೇಕು. ಉಪ್ಪಿನಕಾಯಿ ಬೇಕು ಎಂದು ಹಟ ಹಿಡಿದವನೂ ಇಲ್ಲಿಗೆ ಸೋಲುತ್ತಾನೆ.

ಮುಖಪುಟದ ಐದು ಚಿತ್ರಗಳನ್ನು ಕ್ಯಾಮೆರಾದಿಂದ ಬಂದ ಹಾಗೆಯೇ ಏರಿಸಿದ್ದಾರೆ. ಒಂದೊಂದೂ 4–5 ಎಂಬಿ. 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ ವೆಬ್‌ಪಿ ಎಂಬ ಹಗುರ ಚಿತ್ರರೂಪದಲ್ಲಿ ಉಳಿಸಿದರೆ 200 ಕೆಬಿ ಆಸುಪಾಸಿಗೆ ಬರುತ್ತದೆ, ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬ ಉಚಿತ ಸಾಧನದಲ್ಲಿ ವಿಳಾಸ ಕೊಟ್ಟು ನೀವೇ ನೋಡಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಮೂಡಿದರೆ ಚೆನ್ನ ಎಂಬುದು ಅವರ ಅಳತೆ. ನಿಮ್ಮದು ಅದರ ಹತ್ತಿರವೂ ಇಲ್ಲ.

ನನ್ನ ಸಲಹೆ ಇಷ್ಟೇ. ಮೊದಲ ಪರದೆಯಲ್ಲಿ ಒಂದು ಬಾಟಲಿಯ ಸ್ಪಷ್ಟ ಚಿತ್ರ, ಹೆಸರು, ತೂಕ, ಬೆಲೆ, ಕಳಿಸುವ ಖರ್ಚು, ಕೊಳ್ಳುವ ಗುಂಡಿ, ಪಕ್ಕದಲ್ಲಿ ವಾಟ್ಸ್‌ಆಪ್ ಗುಂಡಿ ಇರಲಿ. ಜೋಗ ಕೆಳಗಿರಲಿ.

ಒಗ್ಗರಣೆ
ಜೋಗ ಕೆಳಗೇ ಇರಬೇಕು ಸ್ವಾಮಿ, ಅದು ಧುಮುಕುವುದೇ ಕೆಳಕ್ಕೆ.

ಮಿಡಿಭರಣಿ
@ಕೊಡಚಾದ್ರಿ_ಕೋಡ್, ಬೇಸರವೇನಿಲ್ಲ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಬೆಲೆ ಮರೆಮಾಡಿದ್ದು ಬೇಕೆಂದೇ. ನಮ್ಮ ಸೀಮೆಯಲ್ಲಿ ಮಿಡಿ ಉಪ್ಪಿನಕಾಯಿ ಮಾರುವವರು ಬಹಳ ಜನ ಇದ್ದಾರೆ. ಬೆಲೆ ಹಾಕಿದ ಮರುದಿನವೇ ಪಕ್ಕದವರು ಹತ್ತು ರೂಪಾಯಿ ಇಳಿಸುತ್ತಾರೆ. ಅದಕ್ಕೇನು ಮಾಡುವುದು?

ಇಳಕಲ್_ಸೆರಗು
ಪಕ್ಕದವರಿಗೆ ನಿಮ್ಮ ಬೆಲೆ ಗೊತ್ತಿಲ್ಲ ಎಂದುಕೊಂಡಿದ್ದೀರಾ? ಒಂದು ಫೋನ್ ಮಾಡಿ ಗಿರಾಕಿಯಂತೆ ಕೇಳಿರುತ್ತಾರೆ. ನೀವು ಮರೆಮಾಡಿರುವುದು ಕೊಳ್ಳುವವರಿಂದ ಮಾತ್ರ.

ಪೇಟೆಬೀದಿ
ಇದನ್ನು ನಾನು ಒಪ್ಪುವುದಿಲ್ಲ. ಬೆಲೆ ಕೇಳಲು ಫೋನ್ ಮಾಡಿದವನ ಜೊತೆ ಮಾತು ಬೆಳೆಯುತ್ತದೆ. ಮಾತು ಬೆಳೆದರೆ ಒಂದರ ಜಾಗದಲ್ಲಿ ಎರಡು ಮಾರಬಹುದು. ವ್ಯಾಪಾರ ಎಂದರೆ ಅದೇ.

ಚೌಕಿಮನೆ_ಅಕ್ಕ
ಪೇಟೆಬೀದಿಯವರೇ, ನಾವು ತೀರ್ಥಹಳ್ಳಿ ಕಡೆ ಹೋಂಸ್ಟೇ ನಡೆಸುತ್ತೇವೆ. ಮೊದಲು ನಾವೂ ‘ದರಕ್ಕೆ ಕರೆ ಮಾಡಿ’ ಎಂದೇ ಹಾಕಿದ್ದೆವು. ಕರೆ ಬರುತ್ತಿತ್ತು, ನಿಜ. ಹೆಚ್ಚಿನವರು ಬೆಲೆ ಕೇಳಿ ‘ಆಮೇಲೆ ಹೇಳುತ್ತೇವೆ’ ಎಂದು ಇಟ್ಟುಬಿಡುತ್ತಿದ್ದರು, ಒಲೆಯ ಮೇಲಿನ ಹಾಲು ಉಕ್ಕುತ್ತಿತ್ತು. ಒಬ್ಬರಿಗೆ ಇಷ್ಟು, ಊಟ ಸೇರಿ ಇಷ್ಟು, ಮಕ್ಕಳಿಗೆ ಇಷ್ಟು ಎಂದು ಬರೆದು ಹಾಕಿದ ಮೇಲೆ ಕರೆ ಕಡಿಮೆಯಾಯಿತು. ಈಗ ಕರೆ ಮಾಡುವವರು ಬರುವ ದಿನವನ್ನೇ ಹೇಳುತ್ತಾರೆ.

ಇನ್ನೊಂದು ವಿಷಯ, ಮಿಡಿಭರಣಿಯವರೇ. ತಾಣದ ಹೆಸರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂದು ಇವತ್ತೇ ನೋಡಿ. ನಮ್ಮದು ಮಾಡಿಕೊಟ್ಟವರ ಹೆಸರಿನಲ್ಲಿಯೇ ಇತ್ತು. ನವೀಕರಣದ ಹೊತ್ತಿಗೆ ಅವರ ಫೋನ್ ಸಂಖ್ಯೆ ಬದಲಾಗಿತ್ತು, ಇಮೇಲ್‌ಗೆ ಉತ್ತರವಿಲ್ಲ. ಹೋರ್ಡಿಂಗ್, ಭೇಟಿ ಚೀಟಿ ಎಲ್ಲದರ ಮೇಲೂ ಅಚ್ಚಾಗಿದ್ದ ಹೆಸರನ್ನು ಬಿಟ್ಟು ಹೊಸ ಹೆಸರು ತೆಗೆದುಕೊಳ್ಳಬೇಕಾಯಿತು. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಕೊಡಚಾದ್ರಿ_ಕೋಡ್
ಅಕ್ಕ ಹೇಳಿದ್ದಕ್ಕೆ ಅಡಿಗೆರೆ ಹಾಕಿ. ನೋಂದಣಿ ಖಾತೆ ನಿಮ್ಮ ಇಮೇಲ್‌ನಲ್ಲಿ, ನಿಮ್ಮ ಫೋನ್ ಸಂಖ್ಯೆಯಲ್ಲಿ ಇರಬೇಕು, ನವೀಕರಣ ತಾನಾಗಿಯೇ ಆಗುವಂತಿರಬೇಕು. ಪುಕ್ಕಟೆ ಸಿಗುವುದನ್ನು ನಂಬಿ ಬಾಟಲಿಯ ಚೀಟಿಯ ಮೇಲೆ ವಿಳಾಸ ಅಚ್ಚು ಹಾಕಿಸಬೇಡಿ. ಗೂಗಲ್ ಬಿಸಿನೆಸ್ ಪ್ರೊಫೈಲ್‌ನೊಂದಿಗೆ ಬರುತ್ತಿದ್ದ ಉಚಿತ ತಾಣಗಳನ್ನು 2024ರ ಮಾರ್ಚ್‌ನಲ್ಲಿ ನಿಲ್ಲಿಸಲಾಯಿತು. ಆ ವಿಳಾಸ ಹಂಚಿದವರೆಲ್ಲ ಹೊಸದಾಗಿ ಶುರುಮಾಡಬೇಕಾಯಿತು.

ದೂರದ_ಡಲ್ಲಾಸ್
ಕೊಳ್ಳುವವನ ಕಡೆಯಿಂದ ಎರಡು ಮಾತು. ನಾನಿರುವುದು ಅಮೆರಿಕದಲ್ಲಿ, ಅಪ್ಪ ಅಮ್ಮ ಮೈಸೂರಿನಲ್ಲಿ. ಅವರಿಗೆ ಊರಿನ ತಿಂಡಿ, ಉಪ್ಪಿನಕಾಯಿ ಕಳಿಸಲು ಸಣ್ಣ ತಾಣಗಳನ್ನು ಹುಡುಕುತ್ತಲೇ ಇರುತ್ತೇನೆ. ನನ್ನ ಬಳಿ ಭಾರತದ ಫೋನ್ ಸಂಖ್ಯೆ ಇಲ್ಲ. ಓಟಿಪಿ ಇಲ್ಲದೆ ಒಳಗೆ ಬಿಡದ ತಾಣದಲ್ಲಿ ನನ್ನ ವ್ಯಾಪಾರ ಅಲ್ಲಿಗೇ ಮುಗಿಯುತ್ತದೆ. ಹಣ ಕೊಡುವವನು ಬೇರೆ, ಪಡೆಯುವವನು ಬೇರೆ ಆಗಿರಬಹುದು ಎಂಬುದು ಎಷ್ಟೋ ತಾಣಗಳಿಗೆ ಹೊಳೆದೇ ಇಲ್ಲ. ಒಂದೇ ಹೆಸರು, ಒಂದೇ ಫೋನ್ ಸಂಖ್ಯೆಗೆ ಜಾಗ. ನನ್ನ ಸಂಖ್ಯೆ ಕೊಟ್ಟರೆ ಕೊರಿಯರ್ ಹುಡುಗ ಡಲ್ಲಾಸ್‌ಗೆ ಕರೆ ಮಾಡಬೇಕು, ಅಪ್ಪನ ಸಂಖ್ಯೆ ಕೊಟ್ಟರೆ ಓಟಿಪಿ ಅವರಿಗೆ ಹೋಗುತ್ತದೆ. ಇಲ್ಲಿ ರಾತ್ರಿಯಾದರೆ ಅಲ್ಲಿ ಅವರು ವಾಕಿಂಗ್ ಹೋಗಿರುತ್ತಾರೆ.

ಅಂಚೆಯಣ್ಣ
ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು ನಾನು. ವಿಳಾಸದ ಬಗ್ಗೆ ಒಂದು ಮಾತು. ಕೊಳ್ಳುವವರಿಂದ ಪಿನ್‌ಕೋಡನ್ನು ಮೊದಲು ಕೇಳಿ, ಕೊನೆಗೆ ಕೇಳಬೇಡಿ. ಕರ್ನಾಟಕದ ಪಿನ್‌ಗಳು 56ರಿಂದ 59ರವರೆಗಿನ ಅಂಕಿಗಳಿಂದ ಶುರುವಾಗುತ್ತವೆ. ಮೊದಲ ಎರಡಂಕಿ ನೋಡಿದರೆ ಸಾಕು, ಪಾರ್ಸೆಲ್ ರಾಜ್ಯದೊಳಗೋ ಹೊರಗೋ ಗೊತ್ತಾಗುತ್ತದೆ. ಅದರ ಮೇಲೆಯೇ ಖರ್ಚು ತೋರಿಸಿಬಿಡಬಹುದು. ವಿಳಾಸದಲ್ಲಿ ‘ಗುರುತಿನ ಜಾಗ’ ಎಂಬ ಖಾನೆ ಇರಲಿ. ನಮ್ಮ ಊರುಗಳಲ್ಲಿ ಮನೆ ಸಂಖ್ಯೆಗಿಂತ ‘ಗಣಪತಿ ದೇವಸ್ಥಾನದ ಹಿಂಭಾಗ’ ಎಂಬುದೇ ಪಾರ್ಸೆಲ್ಲನ್ನು ಮನೆ ಮುಟ್ಟಿಸುತ್ತದೆ.

ಗಾಜಿನ ಬಾಟಲಿ ಕಳಿಸುತ್ತಿದ್ದೀರೋ, ಪ್ಲಾಸ್ಟಿಕ್ಕೋ?

ಮಿಡಿಭರಣಿ
ಗಾಜು. ಮುಚ್ಚಳಕ್ಕೆ ಸುತ್ತ ಟೇಪ್ ಹಾಕಿ, ಪ್ಲಾಸ್ಟಿಕ್ ಚೀಲದೊಳಗಿಟ್ಟು, ರಟ್ಟಿನ ಪೆಟ್ಟಿಗೆಯಲ್ಲಿ ಕಾಗದ ತುರುಕಿ ಕಳಿಸುತ್ತೇವೆ. ರಸ ಸೋರಿ ಬಂತು ಎಂಬ ದೂರು ಈಗೀಗ ಇಲ್ಲ.

ಅಂಚೆಯಣ್ಣ
ಹಾಗಾದರೆ ಆ ಪೆಟ್ಟಿಗೆಯ ಚಿತ್ರವನ್ನೇ ತಾಣದಲ್ಲಿ ಹಾಕಿ. ಉಪ್ಪಿನಕಾಯಿಯನ್ನು ದೂರದಿಂದ ತರಿಸುವವರಿಗೆ ರುಚಿಗಿಂತ ಮೊದಲು ಬರುವ ಹೆದರಿಕೆ ಸೋರಿಕೆಯದು. ಗುಣಮಟ್ಟ ಉಸಿರು ಎಂದು ಬರೆಯುವ ಬದಲು ಇದನ್ನು ತೋರಿಸಿ.

ಲೆಕ್ಕದಪುಸ್ತಕ
ನಾನು ತಾಣವನ್ನು ಬೇರೆ ಕಣ್ಣಿನಿಂದ ನೋಡಿದೆ. ಕೆಲವು ಕಡೆ ನೀವು ಕಾನೂನಿನ ಅಂಚಿನಲ್ಲಿದ್ದೀರಿ.

2020ರ ಗ್ರಾಹಕ ಸಂರಕ್ಷಣೆಯ ಇ-ವಾಣಿಜ್ಯ ನಿಯಮಗಳ ಪ್ರಕಾರ ಮಾರುವವರ ಹೆಸರು, ವಿಳಾಸ, ಸಂಪರ್ಕ, ದೂರು ನೋಡಿಕೊಳ್ಳುವವರ ವಿವರ ತಾಣದಲ್ಲಿ ಕಾಣಬೇಕು. ದೂರು ಬಂದರೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ. ನೀವು ‘ಪ್ರಚಾರ ಸಂದೇಶ ಕಳಿಸಲು ಒಪ್ಪಿಗೆ’ ಎಂಬ ಚೌಕಕ್ಕೆ ಮೊದಲೇ ಗುರುತು ಹಾಕಿಟ್ಟಿದ್ದೀರಿ. ಕೊಳ್ಳುವ ಒಪ್ಪಿಗೆಯನ್ನು ಹಾಗೆ ಪಡೆಯುವಂತಿಲ್ಲ ಎನ್ನುತ್ತವೆ ಆ ನಿಯಮಗಳು, ಪ್ರಚಾರದ ಒಪ್ಪಿಗೆಗೂ ಗ್ರಾಹಕರೇ ಗುರುತು ಹಾಕುವಂತಿರಲಿ. ಆಹಾರ ಪದಾರ್ಥವಾದ್ದರಿಂದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್ಎಸ್ಎಸ್ಎಐನ 14 ಅಂಕಿಯ ಸಂಖ್ಯೆ ಬಾಟಲಿಯ ಮೇಲೆ ಇದೆ, ಸರಿ. ತಾಣದಲ್ಲಿಯೂ ಹಾಕಿ, ನಂಬಿಕೆ ಬರುತ್ತದೆ. ನಿವ್ವಳ ತೂಕ, ಎಂಆರ್‌ಪಿ, ತಯಾರಕರ ವಿವರ ಇವೆಲ್ಲ ಆನ್‌ಲೈನ್ ಪುಟದಲ್ಲಿಯೂ ಇರಬೇಕೆಂದು ತೂಕ ಮತ್ತು ಅಳತೆಯ ನಿಯಮಗಳೇ ಹೇಳುತ್ತವೆ. ಅಂದರೆ ಬೆಲೆ ಮರೆಮಾಡುವ ಚರ್ಚೆ ಇಲ್ಲಿಗೆ ಮುಗಿಯಿತು.

ಕೆಳಗೆ ಭೌಗೋಳಿಕ ಸೂಚಕದ (ಒಂದು ಸೀಮೆಯ ವಿಶಿಷ್ಟ ವಸ್ತುವಿಗೆ ಸಿಗುವ ಜಿಐ ಮಾನ್ಯತೆ) ಲಾಂಛನ ಹಾಕಿದ್ದೀರಿ. ಅಪ್ಪೆಮಿಡಿಗೆ ಆ ಮಾನ್ಯತೆ ಇರುವುದು ನಿಜ. ಅದನ್ನು ಬಳಸಲು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡಿರಬೇಕು. ಆಗಿದ್ದೀರಾ? ಇಲ್ಲವಾದರೆ ಲಾಂಛನ ತೆಗೆಯಿರಿ.

‘ಇನ್ನು 2 ಬಾಟಲಿ ಮಾತ್ರ ಉಳಿದಿವೆ’ ಎಂಬ ಕೆಂಪು ಪಟ್ಟಿ ಏನು? ಬೆಳಿಗ್ಗೆಯೂ 2, ಸಂಜೆಯೂ 2.

ಮಿಡಿಭರಣಿ
ಆ ಪಟ್ಟಿ ನನಗೆ ಗೊತ್ತೇ ಇರಲಿಲ್ಲ! ತಾಣ ಮಾಡಿದವರು ಸೇರಿಸಿದ್ದಿರಬೇಕು. ಲಾಂಛನವನ್ನು ಈಗಲೇ ತೆಗೆಸುತ್ತೇನೆ.

ಲೆಕ್ಕದಪುಸ್ತಕ
ಪಟ್ಟಿಯನ್ನೂ ತೆಗೆಸಿ. 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ತಂತ್ರಗಳ ಪಟ್ಟಿಯಿದೆ. ಸುಳ್ಳು ಅವಸರ ಹುಟ್ಟಿಸುವುದು ಅದರಲ್ಲಿ ಒಂದು. ಕಳಿಸುವ ಖರ್ಚನ್ನು ಕೊನೆಯ ಪುಟದವರೆಗೆ ಬಚ್ಚಿಟ್ಟು ಆಮೇಲೆ ಸೇರಿಸುವುದೂ ಅದೇ ಸಾಲಿಗೆ ಸೇರುತ್ತದೆ.

ಒಗ್ಗರಣೆ
ಹಾಗಾದರೆ ನಮ್ಮ ಬೀದಿಯ ಬಟ್ಟೆ ಅಂಗಡಿಯ ‘ಇಂದೇ ಕೊನೆಯ ದಿನ’ ಫಲಕಕ್ಕೆ ಯಾರು ದಿಕ್ಕು? ಅದು ಕಟ್ಟಿದಾಗಿನಿಂದಲೂ ಅಲ್ಲೇ ಇದೆ, ಬಣ್ಣ ಮಾಸಿದೆ.

ಪೇಟೆಬೀದಿ
ಹೀಗೆ ಹೆದರಿಸುತ್ತಾ ಹೋದರೆ ಸಣ್ಣವರು ವ್ಯಾಪಾರ ಬಿಟ್ಟು ಓಡಿಹೋಗಬೇಕು. ಮನೆಯಲ್ಲಿ ಉಪ್ಪಿನಕಾಯಿ ಹಾಕುವವರಿಗೆ ದೂರು ಅಧಿಕಾರಿ ಬೇರೆ!

ಲೆಕ್ಕದಪುಸ್ತಕ
ಅಧಿಕಾರಿ ಎಂದರೆ ಕುರ್ಚಿ ಮೇಜು ಹಾಕಿ ಕೂರಿಸಬೇಕಾಗಿಲ್ಲ. ‘ತೊಂದರೆಯಾದರೆ ಇವರಿಗೆ ಹೇಳಿ’ ಎಂದು ಮನೆಯವರದೇ ಒಂದು ಹೆಸರು, ಇಮೇಲ್, ಫೋನ್ ಕೊಟ್ಟರಾಯಿತು. ಬಾಟಲಿ ಒಡೆದು ಬಂದರೆ ಯಾರನ್ನು ಕೇಳಬೇಕು ಎಂಬುದು ಕೊಳ್ಳುವ ಮೊದಲೇ ತಿಳಿದಿದ್ದರೆ ಜನ ಧೈರ್ಯವಾಗಿ ಕೊಳ್ಳುತ್ತಾರೆ.

ಕರಿಹಲಗೆ
ಶಾಲಾ ಮೇಷ್ಟರು ನಾನು, ವ್ಯಾಪಾರ ಗೊತ್ತಿಲ್ಲ. ಕುತೂಹಲಕ್ಕೆ ಕೊಂಡಿ ತರಿಸಿಕೊಂಡು ನೋಡಿದೆ. ಕನ್ನಡ ಪುಟಗಳಲ್ಲಿ ಎರಡು ಪ್ಯಾರಾ ಏನೆಂದೇ ಓದಲಾಗುತ್ತಿಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ ಬಿದ್ದಿದೆ. ‘ಬುಟ್ಟಿಗೆ ಸೇರಿಸಿ’ ಎಂಬ ಗುಂಡಿಯಲ್ಲಿ ಒತ್ತಕ್ಷರ ಕತ್ತರಿಸಿಹೋಗಿ ‘ಬುಟಿಗೆ ಸೇರಿಸಿ’ ಎಂದು ಕಾಣುತ್ತದೆ. ಕನ್ನಡದಲ್ಲಿ ಮಾಡಿದ್ದಕ್ಕೆ ಸಂತೋಷ, ಅದನ್ನು ನೆಟ್ಟಗೆ ಮಾಡಬಾರದೇ?

ಕೊಡಚಾದ್ರಿ_ಕೋಡ್
ಮೇಷ್ಟರ ಕಣ್ಣು! ಮೊದಲನೆಯದಕ್ಕೆ ಕಾರಣ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ. ಹಳೆಯ ನುಡಿ ಅಕ್ಷರದಲ್ಲಿ ಟೈಪು ಮಾಡಿದ್ದನ್ನು ಹಾಗೆಯೇ ತಂದು ಅಂಟಿಸಿದ್ದಾರೆ. ಆ ಫಾಂಟ್ ಇಲ್ಲದ ಫೋನಿನಲ್ಲಿ ಅದು ಕನ್ನಡವಾಗಿ ಕಾಣುವುದಿಲ್ಲ, ಹುಡುಕಿದರೆ ಗೂಗಲ್‌ಗೂ ಸಿಗುವುದಿಲ್ಲ. ಎಲ್ಲ ಫೋನುಗಳೂ ಓದಬಲ್ಲ ಯೂನಿಕೋಡ್ ಎಂಬ ಅಕ್ಷರ ಸಂಕೇತಕ್ಕೆ ಪರಿವರ್ತಿಸಿ ಹಾಕಬೇಕು. ಎರಡನೆಯದು, ಇಂಗ್ಲಿಷಿಗೆಂದು ಅಳತೆ ಮಾಡಿದ ಗುಂಡಿಯೊಳಗೆ ಕನ್ನಡ ತುರುಕಿದ್ದರ ಫಲ. ಒತ್ತಕ್ಷರ ಕೆಳಗೆ ಇಳಿಯುತ್ತದೆ, ಅದಕ್ಕೆ ಜಾಗ ಬೇಕು. ಸಾಲುಗಳ ನಡುವಿನ ಅಂತರವನ್ನು ಅಕ್ಷರದ ಅಳತೆಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಇಡಿ, ಗುಂಡಿಯ ಎತ್ತರವನ್ನು ಬಿಗಿ ಮಾಡಬೇಡಿ. ನೋಟೋ ಸಾನ್ಸ್ ಕನ್ನಡದಂಥ ಫಾಂಟುಗಳು ಉಚಿತವಾಗಿಯೇ ಸಿಗುತ್ತವೆ.

ಕರಿಹಲಗೆ
ಒಂದು ತಿದ್ದುಪಡಿ. ನುಡಿಯನ್ನೇ ದೂರಬೇಡಿ. ಈಗಿನ ನುಡಿಯಲ್ಲಿ ಯೂನಿಕೋಡ್ ಆಯ್ಕೆ ಇದೆ. ಹಳೆಯ ಕ್ರಮದಲ್ಲಿ ಟೈಪು ಮಾಡಿದರೆ ಮಾತ್ರ ಈ ಪಾಡು.

ಕೊಡಚಾದ್ರಿ_ಕೋಡ್
ಸರಿ, ಒಪ್ಪಿದೆ. ಇದರ ಜೊತೆಗೆ ಪುಟದ ವಿಳಾಸವನ್ನೂ ನೋಡಿ. ಕನ್ನಡ ಶೀರ್ಷಿಕೆಯನ್ನೇ ವಿಳಾಸದಲ್ಲಿ ಇಟ್ಟಿದ್ದಾರೆ. ನಕಲು ಮಾಡಿ ವಾಟ್ಸ್‌ಆಪ್‌ನಲ್ಲಿ ಹಾಕಿದರೆ ಶೇಕಡಾ ಚಿಹ್ನೆಗಳ ಉದ್ದನೆಯ ಸಾಲಾಗಿ ಬಿಚ್ಚಿಕೊಳ್ಳಬಹುದು, ಒಂದೊಂದು ಕನ್ನಡ ಚಿಹ್ನೆಗೂ ಒಂಬತ್ತು ಅಕ್ಷರದಂತೆ. ನೋಡಿದವರು ವೈರಸ್ ಎಂದು ಹೆದರುತ್ತಾರೆ. ವಿಳಾಸ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿರಲಿ, ಒಳಗಿನದೆಲ್ಲ ಕನ್ನಡವಿರಲಿ.

ಇಳಕಲ್_ಸೆರಗು
ಒಳಗಿನದೆಲ್ಲ ಕನ್ನಡ ಎಂದರೆ ಪುಣೆ, ಚೆನ್ನೈನವರು ಏನು ಮಾಡಬೇಕು? ನನ್ನ ಅರ್ಧ ವ್ಯಾಪಾರ ಮಹಾರಾಷ್ಟ್ರದ್ದು. ಇಂಗ್ಲಿಷ್ ಬೇಕೇ ಬೇಕು.

ಕರಿಹಲಗೆ
ಸೀರೆಗೆ ಬೇಕಾಗಬಹುದು. ಅಪ್ಪೆಮಿಡಿ ಎಂದರೆ ಬಾಯಲ್ಲಿ ನೀರೂರುವವರು ಕನ್ನಡಿಗರೇ ಅಲ್ಲವೇ?

ದೂರದ_ಡಲ್ಲಾಸ್
ನನಗೆ ನೀರೂರುತ್ತದೆ, ಆದರೆ ನನ್ನ ಮಗಳಿಗೆ ಕನ್ನಡ ಓದಲು ಬರುವುದಿಲ್ಲ. ಅಜ್ಜಿಗೆ ಕಳಿಸುವ ಕೆಲಸ ಈಗ ಅವಳದು. ಎರಡು ಭಾಷೆಯೂ ಇರಲಿ, ಒಂದೇ ಪುಟದಲ್ಲಿ ಕಲಸದೆ ಬೇರೆ ಬೇರೆ ಪುಟವಾಗಿರಲಿ. ಯಂತ್ರಕ್ಕೆ ಅನುವಾದ ಒಪ್ಪಿಸುವುದಂತೂ ಬೇಡ.

ಚೌಕಿಮನೆ_ಅಕ್ಕ
ಹಣ ಕೊಡುವ ಪುಟದ ವಿಚಾರ ಯಾರೂ ಎತ್ತಲಿಲ್ಲವಲ್ಲ. ಯುಪಿಐ ಕ್ಯೂಆರ್ ಚಿತ್ರ ಹಾಕಿ ‘ಸ್ಕ್ಯಾನ್ ಮಾಡಿ’ ಎಂದಿದ್ದಾರೆ. ತಾಣವನ್ನು ನೋಡುತ್ತಿರುವುದೇ ಫೋನಿನಲ್ಲಿ. ಅದೇ ಫೋನಿನ ಪರದೆಯನ್ನು ಅದೇ ಫೋನಿನಿಂದ ಸ್ಕ್ಯಾನ್ ಮಾಡುವುದು ಹೇಗೆ? ಕನ್ನಡಿ ಹಿಡಿದುಕೊಳ್ಳಬೇಕೇ?

ಪೇಟೆಬೀದಿ
ಸ್ಕ್ರೀನ್‌ಶಾಟ್ ತೆಗೆದು ಯುಪಿಐ ಆಪ್‌ನಲ್ಲಿ ಗ್ಯಾಲರಿಯಿಂದ ಆರಿಸಿಕೊಂಡರೆ ಆಗುತ್ತದೆ.

ಚೌಕಿಮನೆ_ಅಕ್ಕ
ನಿಮಗೆ ಆಗುತ್ತದೆ. ನಮ್ಮ ಚಿಕ್ಕಮ್ಮನವರಿಗೆ ಆಗುವುದಿಲ್ಲ, ಉಪ್ಪಿನಕಾಯಿ ತರಿಸುವವರು ಅವರೇ.

ಕೊಡಚಾದ್ರಿ_ಕೋಡ್
ಒತ್ತಿದರೆ ನೇರ ಯುಪಿಐ ಆಪ್ ತೆರೆದು ಮೊತ್ತ ತುಂಬಿಕೊಳ್ಳುವ ಕೊಂಡಿ ಮಾಡಬಹುದು. ಪೇಮೆಂಟ್ ಗೇಟ್‌ವೇ (ತಾಣಕ್ಕೆ ಹಣ ಪಡೆದುಕೊಡುವ ಸೇವೆ) ಇದ್ದರೆ ಅವರೇ ಕೊಡುತ್ತಾರೆ. ಕ್ಯೂಆರ್ ಕಂಪ್ಯೂಟರಿನಲ್ಲಿ ನೋಡುವವರಿಗೆ ಇರಲಿ.

ಮಿಡಿಭರಣಿಯವರೇ, ಇನ್ನೊಂದು ಕೆಲಸ ಮಾಡಿ. ಹುಡುಕಾಟದ ಲೆಕ್ಕ ತೋರಿಸುವ ಗೂಗಲ್ ಸರ್ಚ್ ಕನ್ಸೋಲ್ ತೆರೆದು ಜನ ಯಾವ ಪದ ಹುಡುಕಿ ನಿಮ್ಮಲ್ಲಿಗೆ ಬರುತ್ತಿದ್ದಾರೆ, ಯಾವ ಪುಟಕ್ಕೆ ಬರುತ್ತಿದ್ದಾರೆ ಎಂದು ನೋಡಿ ಹೇಳಿ. ನನಗೊಂದು ಗುಮಾನಿ ಇದೆ.

ಮಿಡಿಭರಣಿ
ನೋಡಿದೆ. ಮೊದಲ ಸಾಲಿನಲ್ಲಿರುವುದು ‘ಅಪ್ಪೆಮಿಡಿ ಉಪ್ಪಿನಕಾಯಿ ಮಾಡುವ ವಿಧಾನ’. ಎರಡನೆಯದು ‘ಮಿಡಿ ಉಪ್ಪಿನಕಾಯಿ ಕೆಡದಂತೆ ಇಡುವುದು ಹೇಗೆ’. ಕೊಳ್ಳುವ ಮಾತಿರುವ ಹುಡುಕಾಟ ಬೆರಳೆಣಿಕೆಯಷ್ಟು. ಬಂದವರಲ್ಲಿ ಹೆಚ್ಚಿನವರು ಅತ್ತೆಯವರ ಪಾಕಕ್ರಮದ ಪುಟಕ್ಕೇ ಬಂದು ಅಲ್ಲಿಂದಲೇ ಹೋಗುತ್ತಾರೆ.

ಕೊಡಚಾದ್ರಿ_ಕೋಡ್
ಅದೇ ಗುಮಾನಿ. ನಿಮ್ಮಲ್ಲಿಗೆ ಬರುತ್ತಿರುವವರು ತಾವೇ ಉಪ್ಪಿನಕಾಯಿ ಹಾಕುವವರು. ಅವರು ಕೊಳ್ಳಲಿಲ್ಲ ಎಂದು ಕೊರಗುವುದರಲ್ಲಿ ಅರ್ಥವಿಲ್ಲ. ಜಾಹೀರಾತಿಗೆ ಹಣ ಹಾಕಿದ್ದರೂ ಇಂಥವರೇ ಇನ್ನಷ್ಟು ಬರುತ್ತಿದ್ದರೋ ಏನೋ.

ಒಗ್ಗರಣೆ
ಗುಟ್ಟು ಬಿಟ್ಟುಕೊಟ್ಟ ಮೇಲೆ ಗಿರಾಕಿ ಎಲ್ಲಿ? ಪಾಕದ ಪುಟ ಕಿತ್ತು ಹಾಕಿ.

ತೊಟ್ಟುಮಿಡಿ
ಕೀಳಬೇಡಿ! ಆ ಪುಟ ಓದಿದವರಲ್ಲಿ ನಾನೂ ಒಬ್ಬಳು. ಇರುವುದು ದಾವಣಗೆರೆಯಲ್ಲಿ, ತವರು ಹೊಸನಗರದ ಕಡೆ. ಮಸಾಲೆ ರುಬ್ಬಲು ಗೊತ್ತು, ಒಳ್ಳೆಯ ಮಿಡಿ ಸಿಗುವುದಿಲ್ಲ. ಇಲ್ಲಿನ ಮಾರುಕಟ್ಟೆಯಲ್ಲಿ ಬರುವುದಕ್ಕೆ ತೊಟ್ಟಿರುವುದಿಲ್ಲ, ಸೊನೆಯೆಲ್ಲ ಹೋಗಿ ಪರಿಮಳವೇ ಇರುವುದಿಲ್ಲ. ತೊಟ್ಟುಸಹಿತ ಕೊಯ್ದು ಉಪ್ಪಿನಲ್ಲಿ ಹಾಕಿ ಮುರುಟಿಸಿದ ಮಿಡಿಯನ್ನು ನೀವು ಮಾರುವುದಾದರೆ ನನ್ನಂಥವರು ಕಣ್ಣುಮುಚ್ಚಿ ಕೊಳ್ಳುತ್ತೇವೆ. ಪಾಕದ ಪುಟದ ಮಧ್ಯದಲ್ಲಿ, ‘ಮಿಡಿಯನ್ನು ಉಪ್ಪಿನಲ್ಲಿ ಹಾಕಿ’ ಎಂಬ ಸಾಲಿನ ಕೆಳಗೇ ‘ಉಪ್ಪುಮಿಡಿ ನಮ್ಮಲ್ಲಿ ಸಿಗುತ್ತದೆ’ ಎಂದು ಹಾಕಿ ನೋಡಿ.

ಮಿಡಿಭರಣಿ
ತೊಟ್ಟುಮಿಡಿಯವರೇ, ಇದು ನಮಗೆ ಹೊಳೆದೇ ಇರಲಿಲ್ಲ! ಉಪ್ಪುಮಿಡಿ ಪ್ರತಿ ವರ್ಷ ಭರಣಿಗಟ್ಟಲೆ ಇರುತ್ತದೆ. ಅತ್ತೆಯವರಿಗೆ ಹೇಳಿದೆ. ‘ಹಾಗಾದರೆ ನನ್ನ ಮಸಾಲೆ ಯಾರಿಗೂ ಬೇಡವೇ’ ಎಂದು ಒಂದು ಕ್ಷಣ ಮುಖ ಸಣ್ಣ ಮಾಡಿಕೊಂಡರು, ಆಮೇಲೆ ಕಿಲೋಗೆ ಎಷ್ಟು ಹಾಕಬಹುದು ಎಂದು ಅವರೇ ಕೇಳಿದರು.

ತೊಟ್ಟುಮಿಡಿ
ಜೀರಿಗೆ ಪರಿಮಳದ ಮಿಡಿ ಬೇರೆ, ಸಾದಾ ಮಿಡಿ ಬೇರೆ ಎಂದು ಬಿಡಿಸಿ ಬರೆಯಿರಿ. ಎಣ್ಣೆ ಹಾಕುತ್ತೀರೋ ಇಲ್ಲವೋ, ಅದನ್ನೂ.

ಪೇಟೆಬೀದಿ
ಎಣ್ಣೆ ಇಲ್ಲದೆ ಉಪ್ಪಿನಕಾಯಿ ಉಳಿಯುವುದಾದರೂ ಹೇಗೆ?

ತೊಟ್ಟುಮಿಡಿ
ಮಿಡಿಗೆ ಎಣ್ಣೆಯೇ? ಉಪ್ಪು, ಸಾಸಿವೆ, ಮೆಣಸಿನ ಬಲದಿಂದಲೇ ವರ್ಷಗಟ್ಟಲೆ ಉಳಿಯುತ್ತದೆ. ಎಣ್ಣೆಯಲ್ಲಿ ತೇಲುವುದನ್ನು ನಮ್ಮಲ್ಲಿ ಮಿಡಿ ಉಪ್ಪಿನಕಾಯಿ ಎನ್ನುವುದಿಲ್ಲ.

ಪೇಟೆಬೀದಿ
ನಮ್ಮ ಮನೆಯಲ್ಲಿ ಇಂಗಿನ ಒಗ್ಗರಣೆ ಇಲ್ಲದೆ ಮುಟ್ಟುವುದೇ ಇಲ್ಲ.

ಒಗ್ಗರಣೆ
ನನ್ನನ್ನು ಯಾರೋ ಕರೆದರು?

ಕೊಡಚಾದ್ರಿ_ಕೋಡ್
ಈ ಜಗಳ ಬೆಲೆ ಕಟ್ಟಲಾಗದ್ದು, ಮಿಡಿಭರಣಿಯವರೇ. ಎಣ್ಣೆ ಇದೆಯೇ, ಬೆಳ್ಳುಳ್ಳಿ ಇದೆಯೇ, ಖಾರ ಎಷ್ಟು, ತೆರೆದ ಮೇಲೆ ಎಷ್ಟು ದಿನ ಇಡಬಹುದು, ಫ್ರಿಜ್ ಬೇಕೇ: ವಾಟ್ಸ್‌ಆಪ್‌ನಲ್ಲಿ ನಿಮಗೆ ಬಂದ ಪ್ರಶ್ನೆಗಳನ್ನು ಹಿಂದಕ್ಕೆ ಸರಿಸುತ್ತಾ ಓದಿ. ಪದೇ ಪದೇ ಬಂದವುಗಳಿಗೆ ಆಯಾ ಬಾಟಲಿಯ ಪುಟದಲ್ಲಿಯೇ ಒಂದೊಂದು ಸಾಲಿನ ಉತ್ತರ ಬರೆಯಿರಿ. ‘ನಮ್ಮ ಕಥೆ’ಗಿಂತ ಇದನ್ನು ಓದುವವರು ಹೆಚ್ಚು.

ಇಳಕಲ್_ಸೆರಗು
ಕಥೆಯನ್ನು ಅಷ್ಟು ಹಗುರವಾಗಿ ಕಾಣಬೇಡಿ. ಮಗ್ಗದ ಮುಂದೆ ಕುಳಿತು ನೇಯುವ ಚಿಕ್ಕ ವೀಡಿಯೊ ಹಾಕಿದ ಮೇಲೆಯೇ ನನ್ನ ಸೀರೆಯ ಬೆಲೆ ಏಕೆ ಹೆಚ್ಚು ಎಂದು ಕೇಳುವವರು ಕಡಿಮೆಯಾದದ್ದು. ಕೈಯಿಂದ ಮಾಡಿದ ವಸ್ತುವಿಗೆ ಕಥೆ ಬೇಕು.

ಕೊಡಚಾದ್ರಿ_ಕೋಡ್
ನೀವು ಹಾಕಿದ್ದು ಕೆಲಸವನ್ನು, ಅದನ್ನು ನಾನು ಬೇಡವೆನ್ನುವುದಿಲ್ಲ. ‘ತಲೆಮಾರುಗಳ ಪರಂಪರೆಯ ಸೊಗಡು’ ಎಂಬ ಮಾತು ಎಲ್ಲ ಉಪ್ಪಿನಕಾಯಿ ತಾಣಗಳಲ್ಲಿಯೂ ಇದೆ, ನಾನು ಅದನ್ನು ಹೇಳಿದೆ.

ಚೌಕಿಮನೆ_ಅಕ್ಕ
ಎಲ್ಲ ಬದಲಿಸಿದ ಮೇಲೆ ಪಕ್ಕದ ಮನೆಯ ಯಾರಿಗಾದರೂ ಫೋನ್ ಕೊಟ್ಟು ‘ಅರ್ಧ ಕಿಲೋ ತರಿಸಿ ನೋಡೋಣ’ ಎನ್ನಿ. ನೀವು ಬಾಯಿ ಬಿಡಬೇಡಿ, ಅದೇ ಕಷ್ಟ. ನಮ್ಮ ತಾಣದಲ್ಲಿ ಕೋಣೆ ಕಾಯ್ದಿರಿಸುವ ಗುಂಡಿ ಎದುರಿಗೇ ಇದ್ದರೂ ಪಕ್ಕದ ಮನೆಯಾಕೆಗೆ ಕಾಣಲಿಲ್ಲ. ಅದು ಜಾಹೀರಾತಿನಂತೆ ಕಂಡಿತಂತೆ.

ಮಿಡಿಭರಣಿ
ಇಲ್ಲಿಯವರೆಗೆ ಆದದ್ದು: ಚಿತ್ರಗಳನ್ನು ಇಳಿಸಿದ್ದೇವೆ, ಇಮೇಲ್ ಪೆಟ್ಟಿಗೆ, ಕೆಂಪು ಪಟ್ಟಿ, ಲಾಂಛನ ಹೋದವು. ಬೆಲೆ, ತೂಕ ಹಾಕಿದೆವು. ಓಟಿಪಿ ತೆಗೆಸಿದೆ. ಪ್ರತಿ ಬಾಟಲಿಯ ಪಕ್ಕದಲ್ಲಿ ವಾಟ್ಸ್‌ಆಪ್ ಗುಂಡಿ ಇದೆ, ಒತ್ತಿದರೆ ಯಾವ ಉಪ್ಪಿನಕಾಯಿ, ಎಷ್ಟು ತೂಕ ಎಂಬುದು ಸಂದೇಶದಲ್ಲಿ ತಾನೇ ಬರುತ್ತದೆ. ಹೆಸರಿನ ನೋಂದಣಿ ಅವರದೇ ಖಾತೆಯಲ್ಲಿದೆ, ವರ್ಗಾಯಿಸಿಕೊಡಲು ಒಪ್ಪಿದ್ದಾರೆ, ನೋಡಬೇಕು. ಗುರುತಿಲ್ಲದವರಿಂದ ಆರ್ಡರ್ ಬರತೊಡಗಿದೆ, ಹೇಳಿಕೊಳ್ಳುವಷ್ಟಲ್ಲ. ಉಪ್ಪುಮಿಡಿ ಇದೆಯೇ ಎಂದು ಕೇಳುವವರೇ ಜಾಸ್ತಿ!

ಒಂದು ಸಂದೇಹ. ಪಾರ್ಸೆಲ್ ಕೈಗೆ ಬಂದ ಮೇಲೆ ಹಣ ಕೊಡುತ್ತೇವೆ ಎನ್ನುವವರಿಗೆ ಏನು ಹೇಳಲಿ?

ಪೇಟೆಬೀದಿ
ಅದನ್ನು ಕೊಡಲೇಬೇಕು. ಮುಖ ನೋಡದವರಿಗೆ ಯಾರು ಮುಂಗಡ ಹಣ ಕೊಡುತ್ತಾರೆ?

ಇಳಕಲ್_ಸೆರಗು
ಬೇಡ. ಬಾಗಿಲವರೆಗೆ ಹೋಗಿ ಬೇಡವೆಂದು ವಾಪಸ್ ಬಂದರೆ ಎರಡೂ ಕಡೆಯ ಖರ್ಚು ನಿಮ್ಮ ತಲೆಗೆ. ಸೀರೆಯಾದರೆ ಮತ್ತೆ ಮಾರಬಹುದು, ಊರೂರು ಸುತ್ತಿ ಬಂದ ಉಪ್ಪಿನಕಾಯಿಯನ್ನು ಏನು ಮಾಡುತ್ತೀರಿ?

ಅಂಚೆಯಣ್ಣ
ನಡುವಿನ ದಾರಿ: ಕಳಿಸುವ ಖರ್ಚನ್ನು ಮೊದಲು ಪಡೆಯಿರಿ, ಉಳಿದದ್ದು ಬಾಗಿಲಲ್ಲಿ. ಅಷ್ಟು ಕೊಟ್ಟವರು ಸಾಮಾನ್ಯವಾಗಿ ವಾಪಸ್ ಮಾಡುವುದಿಲ್ಲ.

ದೂರದ_ಡಲ್ಲಾಸ್
ಓಟಿಪಿ ತೆಗೆದದ್ದಕ್ಕೆ ಧನ್ಯವಾದ, ನಿನ್ನೆ ಅಮ್ಮನಿಗೆ ಎರಡು ಬಾಟಲಿ ತರಿಸಿದೆ. ಒಂದು ಕೋರಿಕೆ. ಪೆಟ್ಟಿಗೆಯಲ್ಲಿ ಬೆಲೆ ಕಾಣದಂತೆ ಮಾಡಬಹುದೇ? ಇಷ್ಟು ಕೊಟ್ಟೆಯಾ ಎಂದು ಅಮ್ಮ ಫೋನಿನಲ್ಲಿ ಅರ್ಧ ಗಂಟೆ ಬೈಯುತ್ತಾರೆ.

ಮಿಡಿಭರಣಿ
ಖಂಡಿತ, ಬಿಲ್ಲನ್ನು ಪೆಟ್ಟಿಗೆಯಲ್ಲಿ ಇಡದೆ ನಿಮಗೆ ಇಮೇಲ್‌ನಲ್ಲಿ ಕಳಿಸುತ್ತೇನೆ. ಚೀಟಿಯ ಮೇಲಿನ ಬೆಲೆಯನ್ನೂ ಅಳಿಸಿಬಿಡಲೇ?

ಲೆಕ್ಕದಪುಸ್ತಕ
ಚೀಟಿಯ ಮೇಲಿನ ಎಂಆರ್‌ಪಿಯನ್ನು ಮುಟ್ಟಬೇಡಿ! ಅದು ಇರಲೇಬೇಕು. ಅಮ್ಮನವರ ಬೈಗುಳಕ್ಕೆ ಕಾನೂನಿನಲ್ಲಿ ವಿನಾಯಿತಿ ಇಲ್ಲ.